ಒಂದೇ ದೇಹ, ಇಬ್ಬರ ಪಾಲು: ವರ್ಚುವಲ್ ಲೋಕದಲ್ಲಿ ‘ನಾನು ಮಾಡಿದೆ’ ಎಂದರೆ ಏನು?

ಕೃತಕ ಲೋಕವನ್ನು ಕಣ್ಣೆದುರು ತೋರಿಸುವ ವರ್ಚುವಲ್ ರಿಯಾಲಿಟಿ (ವಿ.ಆರ್.) ಹೆಡ್‌ಸೆಟ್ ತೊಟ್ಟ ಇಬ್ಬರು ಒಂದೇ ದೇಹವನ್ನು ಕೂಡಿ ನಡೆಸಬಹುದು ಎಂಬ ಸುದ್ದಿ ಕೆಲವು ವರ್ಷಗಳಿಂದ ಜಪಾನ್ ಮತ್ತು ಫ್ರಾನ್ಸಿನ ಪ್ರಯೋಗಾಲಯಗಳಿಂದ ಬರುತ್ತಿದೆ. ಸುದ್ದಿಯ ಬೆನ್ನಿಗೇ ಗೊಂದಲವೂ ಬರುತ್ತದೆ. ಪರಕಾಯ ಪ್ರವೇಶದ ಕಥೆ ಕೇಳಿ ಬೆಳೆದವರಿಗೆ ಒಬ್ಬರ ಮನಸ್ಸು ಇನ್ನೊಬ್ಬರ ಮೈಯನ್ನು ಹೊಕ್ಕಂತೆ ಕೇಳಿಸುತ್ತದೆ. ಇನ್ನು ಕೆಲವರಿಗೆ ಇದು ಇಬ್ಬರು ಸೇರಿ ಆಡುವ ಮತ್ತೊಂದು ವಿಡಿಯೋ ಗೇಮ್. ಎರಡೂ ಸರಿಯಲ್ಲ. ಇಲ್ಲಿ ಯಾರ ಮನಸ್ಸೂ ಎಲ್ಲಿಗೂ ಹೋಗುವುದಿಲ್ಲ. ಆದರೆ ‘ಈ ಕೆಲಸ ಮಾಡಿದ್ದು ನಾನೇ’ ಎಂದು ಮಿದುಳು ತೀರ್ಮಾನಿಸುವ ಬಗೆಯಲ್ಲೇ ಈ ತಂತ್ರಜ್ಞಾನ ಕೈಯಾಡಿಸುತ್ತದೆ. ಕಲಿಕೆಗೆ ಇದರಿಂದ ಸಿಗಬಹುದಾದ ಲಾಭವೂ ಹೊಣೆಗಾರಿಕೆಗೆ ಬರಬಹುದಾದ ಕುತ್ತೂ ಹುಟ್ಟುವುದು ಅಲ್ಲಿಂದಲೇ.

ಹಂಚಿಕೆ ನಡೆಯುವುದು ಹೇಗೆ?

ಸಾಮಾನ್ಯ ವಿ.ಆರ್.ನಲ್ಲಿ ಹೆಡ್‌ಸೆಟ್ಟು ತಲೆಯ ಚಲನೆಯನ್ನೂ ಕೈಯಲ್ಲಿ ಹಿಡಿದ ಕಂಟ್ರೋಲರ್‌ಗಳು ಕೈಗಳ ಚಲನೆಯನ್ನೂ ಸೆಕೆಂಡಿಗೆ ಹತ್ತಾರು ಬಾರಿ ಅಳೆಯುತ್ತವೆ. ಆ ಅಳತೆಗೆ ತಕ್ಕಂತೆ ಕಣ್ಣೆದುರಿನ ಕೃತಕ ದೇಹ, ಅಂದರೆ ಅವತಾರ್, ಅಲುಗುತ್ತದೆ. ಕೆಳಗೆ ನೋಡಿದರೆ ನಿಮ್ಮ ಎದೆ, ಹೊಟ್ಟೆ, ಕೈಗಳು ಇರಬೇಕಾದ ಜಾಗದಲ್ಲೇ ಅದರ ಎದೆ, ಹೊಟ್ಟೆ, ಕೈಗಳು ಕಾಣುತ್ತವೆ.

ಇಬ್ಬರು ಹಂಚಿಕೊಳ್ಳುವಾಗ ಕಂಪ್ಯೂಟರು ಇಬ್ಬರ ಚಲನೆಯನ್ನೂ ಒಟ್ಟಿಗೆ ಪಡೆದು ಒಂದೇ ಚಲನೆಯಾಗಿ ಬೆರೆಸುತ್ತದೆ. ಬೆರೆಸುವ ಲೆಕ್ಕ ಬಹಳ ಸರಳ: ಸರಾಸರಿ. ಇಬ್ಬರಿಗೂ ಸಮಪಾಲಿದ್ದು, ಒಬ್ಬರ ಕೈ ಮೇಜಿನಿಂದ 20 ಸೆಂ.ಮೀ. ಎತ್ತರದಲ್ಲೂ ಇನ್ನೊಬ್ಬರ ಕೈ 40 ಸೆಂ.ಮೀ. ಎತ್ತರದಲ್ಲೂ ಇದ್ದರೆ ಅವತಾರ್‌ನ ಕೈ 30 ಸೆಂ.ಮೀ. ಎತ್ತರದಲ್ಲಿ ನಿಲ್ಲುತ್ತದೆ. ಮೊದಲನೆಯವರಿಗೆ ಶೇ. 75 ಪಾಲು ಕೊಟ್ಟರೆ ಅದೇ ಕೈ 25ಕ್ಕೆ ಇಳಿಯುತ್ತದೆ. ಇಬ್ಬರೂ ಅದೇ ದೇಹದ ಕಣ್ಣಿನಿಂದಲೇ ನೋಡುತ್ತಿರುತ್ತಾರೆ, ಇಬ್ಬರಿಗೂ ಕಾಣುವುದು ಆ ಒಂದೇ ಕೈ.

ಇನ್ನೊಂದು ವಿಧಾನದಲ್ಲಿ ಬೆರಕೆಯಿಲ್ಲ, ಭಾಗವಿದೆ. ಎಡಗೈ ಒಬ್ಬರದು, ಬಲಗೈ ಇನ್ನೊಬ್ಬರದು. ಜಪಾನಿನ ತೊಯೊಹಾಶಿ ತಂತ್ರಜ್ಞಾನ ವಿಶ್ವವಿದ್ಯಾಲಯದಲ್ಲಿ ಮಿಚಿತೇರು ಕಿತಾಝಾಕಿ ಅವರ ತಂಡ ಎರಡೂ ವಿಧಾನಗಳನ್ನು ಪರೀಕ್ಷಿಸಿದೆ.

ಸರಾಸರಿಗೂ ಒಪ್ಪಂದಕ್ಕೂ ಇರುವ ಅಂತರವನ್ನು ಇಲ್ಲೇ ಗಮನಿಸಬೇಕು. ಮೇಜಿನ ಎಡತುದಿಯಲ್ಲಿ ಲೋಟ, ಬಲತುದಿಯಲ್ಲಿ ಚೆಂಡು ಇದ್ದು, ಒಬ್ಬರು ಲೋಟಕ್ಕೂ ಇನ್ನೊಬ್ಬರು ಚೆಂಡಿಗೂ ಕೈ ಚಾಚಿದರೆ ಅವತಾರ್‌ನ ಕೈ ನಡುವಿನ ಖಾಲಿ ಜಾಗಕ್ಕೆ ಹೋಗುತ್ತದೆ. ಅದು ಇಬ್ಬರಿಗೂ ಬೇಡವಾದ ಚಲನೆ. ನಡುವೆ ಒಂದು ಹೂಜಿ ಇದ್ದು ಅದು ಉರುಳಿದರೆ? ಉರುಳಿಸುವ ಉದ್ದೇಶ ಇಬ್ಬರಿಗೂ ಇರಲಿಲ್ಲ, ಆದರೆ ಇಬ್ಬರ ಕೈಯೂ ಅದರಲ್ಲಿದೆ.

‘ನನ್ನದು’ ಎನ್ನುವುದು, ‘ನಾನೇ’ ಎನ್ನುವುದು

ಇಂಥ ಬೆರಕೆಯ ದೇಹವನ್ನು ಮನಸ್ಸು ಒಪ್ಪಿಕೊಳ್ಳುವುದಾದರೂ ಹೇಗೆ? ಉತ್ತರದ ಮೊದಲ ತುಂಡು 1998ರಲ್ಲಿ ಸಿಕ್ಕಿತು. ಮ್ಯಾಥ್ಯೂ ಬಾಟ್ವಿನಿಕ್ ಮತ್ತು ಜೊನಾಥನ್ ಕೊಹೆನ್ ಜನರ ನಿಜವಾದ ಕೈಯನ್ನು ಮರೆಯಲ್ಲಿಟ್ಟು, ಕಣ್ಣೆದುರು ರಬ್ಬರ್ ಕೈಯೊಂದನ್ನು ಇಟ್ಟರು. ಎರಡನ್ನೂ ಒಂದೇ ಹೊತ್ತಿಗೆ ಕುಂಚದಿಂದ ಸವರಿದರು. ಸ್ವಲ್ಪ ಹೊತ್ತಿನಲ್ಲೇ ಅನೇಕರಿಗೆ ಸ್ಪರ್ಶ ರಬ್ಬರ್ ಕೈಯಲ್ಲೇ ಆಗುತ್ತಿದೆ ಅನಿಸತೊಡಗಿತು. ಕಣ್ಣು ಕಂಡದ್ದೂ ಚರ್ಮ ಅರಿತದ್ದೂ ತಾಳಕ್ಕೆ ಸರಿಯಾಗಿ ಕೂಡಿದರೆ ಮಿದುಳು ಆ ವಸ್ತುವನ್ನು ತನ್ನ ಮೈಗೆ ಸೇರಿಸಿಕೊಳ್ಳುತ್ತದೆ. 2010ರಲ್ಲಿ ಬಾರ್ಸಿಲೋನಾದ ಮೆಲ್ ಸ್ಲೇಟರ್ ಮತ್ತು ಸಹೋದ್ಯೋಗಿಗಳು ವಿ.ಆರ್. ಮೂಲಕ ಇಡೀ ದೇಹದ ಮಟ್ಟದಲ್ಲೇ ಇಂಥ ಭ್ರಮೆ ಸಾಧ್ಯವೆಂದು ತೋರಿಸಿದರು.

ಆದರೆ ‘ಈ ಕೈ ನನ್ನದು’ ಎಂಬ ಭಾವ ಬೇರೆ, ‘ಈ ಕೈಯನ್ನು ಆಡಿಸಿದ್ದು ನಾನು’ ಎಂಬ ಭಾವ ಬೇರೆ. ಯಾರಾದರೂ ನಿಮ್ಮ ಮೊಣಕೈ ತಟ್ಟಿದಾಗ ಕೈ ಅಲುಗಿದರೆ ಮೊದಲನೆಯದು ಇರುತ್ತದೆ, ಎರಡನೆಯದು ಇರುವುದಿಲ್ಲ. ದೇಹ ಹಂಚಿಕೆಯ ನಿಜವಾದ ಪ್ರಶ್ನೆ ಇರುವುದು ಈ ಎರಡನೆಯದರಲ್ಲಿ.

ಇದರ ಬಗ್ಗೆ ಬಹಳ ಹೇಳುವ ಒಂದು ಪ್ರಯೋಗಕ್ಕೆ ಹೆಡ್‌ಸೆಟ್ಟೇ ಬೇಕಾಗಲಿಲ್ಲ. 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮನೋವಿಜ್ಞಾನಿ ಡೇನಿಯಲ್ ವೆಗ್ನರ್ ಮತ್ತು ಸಂಗಡಿಗರು ಒಬ್ಬರನ್ನು ಕನ್ನಡಿಯ ಮುಂದೆ ನಿಲ್ಲಿಸಿದರು. ಅವರ ಬೆನ್ನ ಹಿಂದೆ ಇನ್ನೊಬ್ಬರು ನಿಂತು, ಮುಂದಿನವರ ಕೈಗಳು ಇರಬೇಕಾದ ಜಾಗದಲ್ಲಿ ತಮ್ಮ ಕೈಗಳನ್ನು ಚಾಚಿದರು. ಕನ್ನಡಿಯಲ್ಲಿ ಕಾಣುವುದು ತನ್ನ ಮುಖ, ಕೈಗಳು ಮಾತ್ರ ಬೇರೆಯವರವು. ಮುಂದೆ ನಿಂತವರು ಕೈಯನ್ನು ಚೂರೂ ಅಲುಗಿಸುತ್ತಿಲ್ಲ. ಆದರೂ ಆ ಕೈಗಳು ಏನು ಮಾಡಲಿವೆ ಎಂಬ ಸೂಚನೆ ಇಯರ್‌ಫೋನಿನಲ್ಲಿ ಮುಂಚಿತವಾಗಿ ಕೇಳಿಸಿದಾಗ, ಆ ಚಲನೆಯ ಮೇಲೆ ತಮಗೂ ಹಿಡಿತವಿದೆ ಎಂಬ ಭಾವ ಅವರಲ್ಲಿ ಏರಿತು. ಆಮೇಲೆ ಆ ಪರರ ಮಣಿಕಟ್ಟಿಗೆ ರಬ್ಬರ್ ಬ್ಯಾಂಡು ಎಳೆದು ಬಿಟ್ಟಾಗ ಉದ್ವೇಗದ ಗುರುತಾದ ಚರ್ಮದ ವಿದ್ಯುತ್ ಪ್ರತಿಕ್ರಿಯೆಯೂ ಇವರಲ್ಲಿ ಹೆಚ್ಚಿತು. ಮುಂದೇನು ನಡೆಯುತ್ತದೆಂದು ಮೊದಲೇ ಗೊತ್ತಿದ್ದು ಅದು ಹಾಗೆಯೇ ನಡೆದರೆ, ಮಾಡದ ಕೆಲಸವೂ ಮಾಡಿದಂತೆ ಅನಿಸುತ್ತದೆ. ‘ನಾನು ಮಾಡಿದೆ’ ಎಂಬುದನ್ನು ನಾವು ಒಳಗಿನಿಂದ ನೇರವಾಗಿ ಅರಿಯುತ್ತೇವೆ ಎಂದುಕೊಂಡಿದ್ದೇವೆ. ಅದರ ದೊಡ್ಡ ಪಾಲು ಊಹೆ.

ಮಾತಿನ ವಿಷಯದಲ್ಲೂ ಹೀಗೆಯೇ. ಡೊಮ್ನಾ ಬನಾಕು ಮತ್ತು ಸ್ಲೇಟರ್ 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅವತಾರ್ ತಾನಾಗಿಯೇ ಪದಗಳನ್ನು ಉಚ್ಚರಿಸಿತು, ಜೊತೆಗೆ ವ್ಯಕ್ತಿಯ ಗಂಟಲಿಗೆ ಸಣ್ಣ ಕಂಪನ ಕೊಡಲಾಯಿತು. ಬಾಯಿ ತೆರೆಯದ ಜನರಿಗೂ ತಾವೇ ಮಾತಾಡಿದಂತೆ ಅನಿಸಿತು. ಆಮೇಲೆ ನಿಜವಾಗಿ ಮಾತಾಡಿದಾಗ ಅವರ ದನಿಯ ಸ್ಥಾಯಿ ಅವತಾರ್‌ನ ದನಿಯ ಕಡೆಗೆ ಸರಿದಿತ್ತು.

ಇಬ್ಬರನ್ನು ಕೂಡಿಸಿದಾಗ ಕಂಡದ್ದು

ಫ್ರಾನ್ಸಿನ ರೆನ್ ನಗರದ ಇನ್ರಿಯಾ ಸಂಶೋಧನಾ ಸಂಸ್ಥೆ ಮತ್ತು ಟೋಕಿಯೋ ವಿಶ್ವವಿದ್ಯಾಲಯದ ಸಂಶೋಧಕರು ರೆಬೆಕಾ ಫ್ರಿಬೂರ್ಗ್ ಅವರ ಮುಂದಾಳುತನದಲ್ಲಿ ಪಾಲಿನ ಪ್ರಮಾಣವನ್ನು ಬದಲಿಸುತ್ತ ನೋಡಿದರು. ತಮ್ಮ ಪಾಲು ಎಷ್ಟಿದೆ ಎಂದು ಜನ ಸಾಮಾನ್ಯವಾಗಿ ಚೆನ್ನಾಗಿಯೇ ಅಂದಾಜು ಮಾಡಿದರು. ಆದರೆ ಅವತಾರ್‌ನ ಮುಂದಿನ ಚಲನೆಯನ್ನು ಮೊದಲೇ ಊಹಿಸಬಹುದಾದ ಕಡೆ ಅಂದಾಜು ದಾರಿ ತಪ್ಪಿತು. ಅಲ್ಲಿ ಇದ್ದದ್ದಕ್ಕಿಂತ ಹೆಚ್ಚು ಹಿಡಿತ ತಮಗಿದೆ ಎಂದು ಅವರು ನಂಬಿದರು. ವೆಗ್ನರ್ ಕನ್ನಡಿಯ ಮುಂದೆ ಕಂಡದ್ದೇ ಹೆಡ್‌ಸೆಟ್ಟಿನೊಳಗೂ ಕಂಡಿತು.

ಅದೇ ಅಧ್ಯಯನದ ಇನ್ನೆರಡು ಸಂಗತಿಗಳು ಸುದ್ದಿಗಳಲ್ಲಿ ಕಾಣಿಸಿಕೊಳ್ಳುವುದು ಕಡಿಮೆ. ಹಿಡಿತ ಎಷ್ಟೇ ಇರಲಿ, ಜನ ತಮ್ಮ ನಿಜವಾದ ಕೈಗಳನ್ನು ಹೆಚ್ಚುಕಡಿಮೆ ಒಂದೇ ರೀತಿ ಆಡಿಸುತ್ತಲೇ ಇದ್ದರು. ಇನ್ನೊಂದು, ಬದುಕಿನ ಆಗುಹೋಗುಗಳು ತಮ್ಮ ಕೈಯಲ್ಲೇ ಇವೆ ಎಂದು ಬಲವಾಗಿ ನಂಬುವ ಸ್ವಭಾವದವರಿಗೆ ಹಂಚಿಕೆಯ ದೇಹದಲ್ಲಿ ಹಿಡಿತ ಕಡಿಮೆ ಅನಿಸಿತು. ಅಂದರೆ ಒಂದೇ ಪಾಲು ಕೊಟ್ಟರೂ ಎಲ್ಲರಿಗೂ ಒಂದೇ ಅನುಭವ ಸಿಗುವುದಿಲ್ಲ.

ತಕಾಯೋಶಿ ಹಗಿವಾರ ಮತ್ತು ಸಹೋದ್ಯೋಗಿಗಳು 2020ರಲ್ಲಿ ಪ್ರಕಟಿಸಿದ ಫಲಿತಾಂಶ ಇನ್ನೂ ಕುತೂಹಲದ್ದು. ಇಬ್ಬರ ಚಲನೆಯ ಸರಾಸರಿಯಿಂದ ನಡೆಯುವ ಕೈ ಗುರಿಯತ್ತ ಹೋದ ದಾರಿ ಇಬ್ಬರಲ್ಲಿ ಯಾರೊಬ್ಬರ ಕೈ ಹೋದ ದಾರಿಗಿಂತಲೂ ನೇರವಾಗಿತ್ತು, ಚಲನೆಯಲ್ಲಿ ಕುಲುಕೂ ಕಡಿಮೆ. ಒಬ್ಬರೇ ಇದ್ದಾಗಿನದಕ್ಕಿಂತ ಬೇಗ ಪ್ರತಿಕ್ರಿಯಿಸಿದರು ಕೂಡ. ಒಬ್ಬರ ತಪ್ಪು ಎಡಕ್ಕೆ, ಇನ್ನೊಬ್ಬರದು ಬಲಕ್ಕೆ ಇದ್ದಾಗ ಸರಾಸರಿಯಲ್ಲಿ ಎರಡೂ ಒಂದನ್ನೊಂದು ಅಳಿಸಿಹಾಕುವುದು ಇದಕ್ಕೆ ಒಂದು ಕಾರಣವಾಗಬಲ್ಲದು. ಆದರೆ ಸಂಶೋಧಕರು ಇದರಲ್ಲಿ ಬೇರೊಂದನ್ನು ಕಂಡರು: ಜನ ತಮ್ಮ ಸ್ವಂತ ಕೈಯ ನಯಕ್ಕಿಂತ ಹಂಚಿಕೊಂಡ ಕೈಯ ನಯಕ್ಕೆ ಆದ್ಯತೆ ಕೊಡುತ್ತಿದ್ದಾರೆ. ಕೆಲವೇ ಹೊತ್ತಿನಲ್ಲಿ ಮಿದುಳು ‘ನಾನು’ ಎನ್ನುವುದರ ಬದಲು ‘ನಾವು’ ಎನ್ನುವುದಕ್ಕೆ ಚಲನೆಯನ್ನು ಹೊಂದಿಸಿಕೊಳ್ಳುತ್ತದೆ ಎಂದಾಯಿತು.

2022ರಲ್ಲಿ ಹರಿನ್ ಹಪುಆರಚ್ಚಿ ಮತ್ತು ಕಿತಾಝಾಕಿ ಎಡ-ಬಲ ಹಂಚಿಕೆಯನ್ನು ಪರೀಕ್ಷಿಸಿದರು. ಜೊತೆಗಾರರ ಗುರಿಯೂ ತನ್ನ ಗುರಿಯೂ ಒಂದೇ ಆಗಿದ್ದಾಗ, ಇಲ್ಲವೇ ಅವರ ಗುರಿ ಕಣ್ಣಿಗೆ ಕಾಣುತ್ತಿದ್ದಾಗ, ಅವರು ಆಡಿಸುವ ಕೈಯೂ ತನ್ನದೇ ಅನಿಸುವುದು ಹೆಚ್ಚಿತು. ಗುರಿ ಮುಚ್ಚಿದಾಗ ಆ ಕೈ ಪರಕೀಯವಾಯಿತು.

ಕೈ ಹಿಡಿದು ಕಲಿಸುವವರ ಆಸೆ

ಇದನ್ನು ಕಟ್ಟುತ್ತಿರುವವರ ದೊಡ್ಡ ನಿರೀಕ್ಷೆ ಕಲಿಕೆಯದು. ಅಕ್ಷರಾಭ್ಯಾಸದ ದಿನ ತಟ್ಟೆಯ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ‘ಓಂ’ ಬರೆಸುವಾಗ ನಡೆಯುವುದೂ ಎರಡು ಕೈಗಳ ಒಂದು ಚಲನೆಯೇ. ಅಲ್ಲಿ ಹಿರಿಯರ ಕೈ ಹೊರಗಿನಿಂದ ಒತ್ತುತ್ತದೆ, ಆ ಒತ್ತಡ ಮಗುವಿಗೆ ತಿಳಿಯುತ್ತದೆ. ಹಂಚಿಕೆಯ ದೇಹದಲ್ಲಿ ಆ ಒತ್ತಡವಿಲ್ಲ. ಗುರುವಿನ ಚಲನೆ ನಿಮ್ಮದೇ ಕೈಯ ಚಲನೆಯಾಗಿ ಕಾಣುತ್ತದೆ. ಹೇಳಿ ತಿಳಿಸಲಾಗದ, ನೋಡಿದರೂ ಪೂರ್ತಿ ಸಿಗದ ಕೈಚಳಕ ಒಳಗಿನಿಂದಲೇ ದಾಟಬಹುದು ಎಂಬುದು ಅವರ ವಾದ.

ಈ ವಾದಕ್ಕೆ ಆಧಾರವೂ ಇದೆ. ಟೋಕಿಯೋ ವಿಶ್ವವಿದ್ಯಾಲಯದ ದಾಯ್ಕಿ ಕೊದಾಮ, ತಕುಜಿ ನರುಮಿ ಮತ್ತಿತರರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಬಗೆಯ ಕಲಿಕೆಯನ್ನು ಹೋಲಿಸಿದರು: ಒಬ್ಬರೇ ಅಭ್ಯಾಸ ಮಾಡುವುದು, ಗುರುವಿನ ಕಣ್ಣಿನ ಕೋನದಿಂದ ಅವರ ಚಲನೆಯನ್ನು ನೋಡುತ್ತ ಅನುಸರಿಸುವುದು, ಗುರುವಿನೊಂದಿಗೆ ದೇಹವನ್ನೇ ಹಂಚಿಕೊಳ್ಳುವುದು. ಮೂರನೆಯದರಲ್ಲಿ ಕಲಿಕೆ ಹೆಚ್ಚು ಸಮರ್ಥವಾಗಿತ್ತು.

ಇದರ ಎದುರಿಗೆ ನಿಲ್ಲುವ ತಿಳಿವಳಿಕೆ ವಿ.ಆರ್.ಗಿಂತ ಹಳೆಯದು. ಚಲನೆಯ ಕಲಿಕೆಯ ಸಂಶೋಧನೆಗಳನ್ನು ಪರಾಮರ್ಶಿಸಿ ಸಾಲ್ಮೋನಿ, ಶ್ಮಿಟ್ ಮತ್ತು ವಾಲ್ಟರ್ 1984ರಲ್ಲಿ ಒಂದು ಎಚ್ಚರಿಕೆ ಕೊಟ್ಟಿದ್ದರು. ಅಭ್ಯಾಸದ ಹೊತ್ತಿನಲ್ಲಿ ಮಾರ್ಗದರ್ಶನ ಎಡೆಬಿಡದೆ ಸಿಕ್ಕರೆ ಕೆಲಸ ಅಂದವಾಗಿ ಬರುತ್ತದೆ. ಆಸರೆ ತೆಗೆದ ಮೇಲೆ ಮಾತ್ರ ಕುಸಿಯುತ್ತದೆ, ಏಕೆಂದರೆ ತನ್ನ ತಪ್ಪನ್ನು ತಾನೇ ಹಿಡಿದು ತಿದ್ದುವ ಅಭ್ಯಾಸವೇ ಬೆಳೆದಿರುವುದಿಲ್ಲ. ಹಂಚಿಕೆಯ ದೇಹದಲ್ಲಿ ಈ ಅಪಾಯ ಇನ್ನೂ ಆಳದ್ದು. ಶಿಷ್ಯೆಯ ಕೈ 6 ಸೆಂ.ಮೀ. ತಪ್ಪಿದರೂ ಗುರುವಿನ ಸಮಪಾಲು ಅದನ್ನು 3ಕ್ಕೆ ಇಳಿಸುತ್ತದೆ. ಅವಳ ಕಣ್ಣಿಗೆ ಕಾಣುವುದು 3 ಮಾತ್ರ. ಉಳಿದದ್ದನ್ನು ತಿದ್ದಿದ್ದು ಬೇರೆಯವರು ಎಂಬ ಸುಳಿವೇ ಇಲ್ಲದಿರುವಾಗ ಅವಳು ಏನನ್ನು ತಿದ್ದಿಕೊಳ್ಳಬೇಕು?

ಟೋಕಿಯೋ ತಂಡ ಈ ತೊಡಕನ್ನು ಅರಿಯದೆ ಇಲ್ಲ. ಗುರುವಿನ ಪಾಲನ್ನು ಒಂದೇ ಮಟ್ಟದಲ್ಲಿ ಇಡದೆ, ಕಲಿಯುವವರು ಮುಂದುವರಿದಂತೆ ಬದಲಿಸುತ್ತ ಹೋಗುವ ಪ್ರಯೋಗಗಳನ್ನೂ ಅದು ಮಾಡಿದೆ. ಸರಿಯಾದ ದಿಕ್ಕು ಅದೇ. ಆದರೆ ಕೆಲವೇ ಹೊತ್ತಿನ ಪ್ರಯೋಗಾಲಯದ ಕೆಲಸಕ್ಕೂ ವರ್ಷಗಟ್ಟಲೆ ಸಾಗುವ ಮದ್ದಳೆಯ ಅಥವಾ ಶಸ್ತ್ರಚಿಕಿತ್ಸೆಯ ಕಲಿಕೆಗೂ ಇರುವ ಅಂತರ ದೊಡ್ಡದು. ಮೊದಲನೆಯದರ ಫಲಿತಾಂಶ ತೋರಿಸಿ ಎರಡನೆಯದನ್ನು ಮಾರಲು ಹೊರಟರೆ ನಂಬಬಾರದು.

ರೋಬಾಟಿನವರೆಗೆ

ಇದು ಪರದೆಯೊಳಗೇ ಉಳಿಯುವ ವಿಷಯವೂ ಅಲ್ಲ. 2018ರಲ್ಲಿ ಜಪಾನಿನ ಸಂಶೋಧಕರು ತೋರಿಸಿದ ‘ಫ್ಯೂಷನ್’ ಎಂಬ ಸಾಧನದಲ್ಲಿ ಬೆನ್ನಿಗೆ ಕಟ್ಟಿಕೊಳ್ಳುವ ಚೀಲದಿಂದ ಎರಡು ಯಂತ್ರದ ತೋಳುಗಳೂ ಒಂದು ಕ್ಯಾಮೆರಾ ತಲೆಯೂ ಹೊರಟಿದ್ದವು. ದೂರದಲ್ಲಿ ಹೆಡ್‌ಸೆಟ್ ತೊಟ್ಟು ಕೂತವರು ಆ ತೋಳುಗಳನ್ನು ಆಡಿಸಬಹುದಿತ್ತು, ಹೊತ್ತವರ ಕೈ ಹಿಡಿದು ನಡೆಸಲೂಬಹುದಿತ್ತು. ಜಪಾನ್ ಸರ್ಕಾರದ ಮೂನ್‌ಶಾಟ್ ಕಾರ್ಯಕ್ರಮದ ಮೊದಲ ಗುರಿ, 2050ರ ಹೊತ್ತಿಗೆ ದೇಹ, ಮಿದುಳು, ದೇಶ, ಕಾಲಗಳ ಮಿತಿಯಿಂದ ಮನುಷ್ಯರು ಬಿಡುಗಡೆ ಪಡೆದ ಸಮಾಜ. ಹಲವರು ದೂರದಿಂದ ನಡೆಸುವ ಅವತಾರ್‌ಗಳನ್ನೂ ರೋಬಾಟುಗಳನ್ನೂ ಜೋಡಿಸಿ ದೊಡ್ಡ ಕೆಲಸ ಮಾಡಿಸುವುದು ಅದರ ಭಾಗ. ಮುಪ್ಪಾಗುತ್ತಿರುವ, ಕೆಲಸಗಾರರ ಕೊರತೆ ಕಾಣುತ್ತಿರುವ ದೇಶಕ್ಕೆ ಇದು ಬರಿಯ ಕುತೂಹಲದ ಸಂಶೋಧನೆಯಲ್ಲ.

ದೂರ ಮಾತ್ರ ಸುಲಭವಾಗಿ ಸೋಲುವುದಿಲ್ಲ. ನಮ್ಮ ಚಲನೆಗೂ ಕಣ್ಣಿಗೆ ಕಾಣುವ ಚಲನೆಗೂ ನಡುವಿನ ವಿಳಂಬ ಹೆಚ್ಚಿದಂತೆ ‘ನಾನೇ ಆಡಿಸುತ್ತಿದ್ದೇನೆ’ ಎಂಬ ಭಾವ ಸಡಿಲವಾಗುತ್ತದೆ. ಬೆಂಗಳೂರಿನಿಂದ ಟೋಕಿಯೋಗೆ ನೇರ ಗೆರೆಯಲ್ಲಿ ಸುಮಾರು 6,700 ಕಿ.ಮೀ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಹೋಗಿಬರಲು ಕಡಿಮೆ ಎಂದರೂ 67 ಮಿಲಿಸೆಕೆಂಡ್ ಬೇಕು. ಕೇಬಲ್‌ಗಳು ನೇರವಾಗಿ ಹಾದುಹೋಗುವುದಿಲ್ಲ, ನಡುವೆ ಯಂತ್ರಗಳ ಸಂಸ್ಕರಣೆಯೂ ಇದೆ, ಹಾಗಾಗಿ ನಿಜದಲ್ಲಿ ಇನ್ನೂ ಹೆಚ್ಚು. ಈ ವಿಳಂಬವನ್ನು ಮರೆಮಾಚಲು ಕಂಪನಿಗಳು ಮುಂದಿನ ಚಲನೆಯನ್ನು ಊಹಿಸಿ ತೋರಿಸುವ ಸಾಫ್ಟ್‌ವೇರ್ ಸೇರಿಸಬೇಕಾಗುತ್ತದೆ. ಆಗ ಕೈ ಆಡಿಸುವವರಲ್ಲಿ ಯಂತ್ರವೂ ಒಂದು ಪಾಲು ಪಡೆಯುತ್ತದೆ.

ಪ್ರಾಮಾಣಿಕರೂ ತಪ್ಪಿದ ಒಂದು ಪ್ರಕರಣ

‘ನನ್ನ ಪಾಲು ಎಷ್ಟು ಎಂದು ನನಗೆ ತಿಳಿಯದೇ ಹೋಗುತ್ತದೆಯೇ?’ ಎಂಬ ಆತ್ಮವಿಶ್ವಾಸ ಎಷ್ಟು ಅಪಾಯಕಾರಿ ಎಂಬುದಕ್ಕೆ ನಿಜ ಜೀವನದ ಉದಾಹರಣೆಯಿದೆ. ಮಾತು ಬಾರದ ಆಟಿಸಂ ಮಕ್ಕಳ ಕೈಗೆ ಸಹಾಯಕರು ಆಸರೆ ಕೊಟ್ಟು ಕೀಲಿಮಣೆಯ ಮೇಲೆ ಅಕ್ಷರ ಒತ್ತಿಸುವ ಪದ್ಧತಿಯನ್ನು ಆಸ್ಟ್ರೇಲಿಯಾದ ರೋಸ್‌ಮರಿ ಕ್ರಾಸ್ಲಿ ಬೆಳೆಸಿದ್ದರು. ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯದ ಡಗ್ಲಸ್ ಬಿಕ್ಲೆನ್ ಅದನ್ನು 1990ರ ದಶಕದ ಮೊದಲಲ್ಲಿ ಅಲ್ಲಿ ಹರಡಿದರು. ಒಂದು ಮಾತೂ ಆಡದಿದ್ದ ಮಕ್ಕಳು ವಾಕ್ಯಗಳನ್ನು, ಕವಿತೆಗಳನ್ನು ಬರೆಯತೊಡಗಿದರು. ಹೆತ್ತವರ ಸಂತೋಷವನ್ನು ಯಾರಾದರೂ ಊಹಿಸಬಹುದು.

ನ್ಯೂಯಾರ್ಕ್ ರಾಜ್ಯದ ಒ.ಡಿ. ಹೆಕ್ ಕೇಂದ್ರದಲ್ಲಿ ನಡೆದು 1993ರಲ್ಲಿ ಪ್ರಕಟವಾದ ಪರೀಕ್ಷೆ ಸರಳವಾಗಿತ್ತು. ಒಂದು ಚಿತ್ರವನ್ನು ಆಟಿಸಂ ಇರುವವರಿಗೂ ಒಂದು ಚಿತ್ರವನ್ನು ಸಹಾಯಕರಿಗೂ ತೋರಿಸುವುದು. ಒಬ್ಬರ ಚಿತ್ರ ಇನ್ನೊಬ್ಬರಿಗೆ ಕಾಣದು. ಕೆಲವೊಮ್ಮೆ ಎರಡೂ ಒಂದೇ, ಕೆಲವೊಮ್ಮೆ ಬೇರೆ ಬೇರೆ. ಸಹಾಯಕರೂ ಅದೇ ಚಿತ್ರವನ್ನು ಕಂಡಾಗ ಮಾತ್ರ ಉತ್ತರ ಸರಿ ಬಂತು. ಚಿತ್ರಗಳು ಬೇರೆಯಾಗಿದ್ದಾಗ ಒಂದು ಬಾರಿಯೂ ಸರಿ ಬರಲಿಲ್ಲ. ಬರೆಯುತ್ತಿದ್ದವರು ಸಹಾಯಕರು, ಮತ್ತು ಅದು ಅವರಿಗೇ ತಿಳಿದಿರಲಿಲ್ಲ. ಅವರು ಮೋಸಗಾರರಾಗಿರಲಿಲ್ಲ. ತಮ್ಮ ಕೈಯ ಒತ್ತಡವನ್ನು ಮಗುವಿನ ಇಚ್ಛೆ ಎಂದು ಪ್ರಾಮಾಣಿಕವಾಗಿ ನಂಬಿದ್ದರು. 1994ರಲ್ಲಿ ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ಈ ಪದ್ಧತಿಗೆ ವೈಜ್ಞಾನಿಕ ಆಧಾರವಿಲ್ಲ ಎಂದು ನಿರ್ಣಯ ಹೊರಡಿಸಿತು. ಅಷ್ಟರಲ್ಲಿ ಹೀಗೆ ‘ಬರೆದ’ ಆರೋಪಗಳ ಮೇಲೆ ತಂದೆತಾಯಂದಿರು ಲೈಂಗಿಕ ದೌರ್ಜನ್ಯದ ಕೇಸುಗಳನ್ನು ಎದುರಿಸಬೇಕಾಗಿ ಬಂದಿತ್ತು.

ವಿ.ಆರ್.ನ ಹಂಚಿಕೆಯಲ್ಲಿ ಭ್ರಮೆ ಎರಡೂ ಕಡೆಗೆ ಓಡಬಲ್ಲದು. ಶೇ. 20 ಪಾಲಿನ ಕಲಿಯುವವರು ‘ಎಲ್ಲವನ್ನೂ ನಾನೇ ಮಾಡಿದೆ’ ಎನ್ನಬಹುದು, ಶೇ. 80 ಪಾಲಿನ ಗುರು ‘ನಾನು ಬರೀ ಆಸರೆ ಕೊಟ್ಟೆ’ ಎನ್ನಬಹುದು. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಇಲ್ಲೊಂದು ವ್ಯತ್ಯಾಸವಿದೆ, ಅದು ಆಶಾದಾಯಕ: ಕೀಲಿಮಣೆಯ ಮೇಲಿನ ಒತ್ತಡಕ್ಕೆ ಯಾವ ದಾಖಲೆಯೂ ಇರಲಿಲ್ಲ. ಇಲ್ಲಿ ಪ್ರತಿ ಕ್ಷಣದ ಪಾಲೂ ಕಂಪ್ಯೂಟರಿಗೆ ಗೊತ್ತಿರುತ್ತದೆ.

ಪಾಲು ನಿಗದಿ ಮಾಡುವ ಮೂರನೆಯವರು

ಹಾಗಾಗಿ ‘ಇಬ್ಬರು ಹಂಚಿಕೊಂಡ ದೇಹ’ ಎನ್ನುವುದೇ ಅರ್ಧ ಸತ್ಯ. ಯಾರಿಗೆ ಎಷ್ಟು ಪಾಲು, ಅದು ಯಾವಾಗ ಬದಲಾಗಬೇಕು, ಬದಲಾದಾಗ ತಿಳಿಸಬೇಕೇ ಬೇಡವೇ ಎಂದು ನಿರ್ಧರಿಸುವ ಮೂರನೆಯವರೊಬ್ಬರು ಇದ್ದಾರೆ. ಪ್ರಯೋಗಾಲಯದಲ್ಲಿ ಅವರು ಸಂಶೋಧಕರು, ನೈತಿಕ ಸಮಿತಿಯೊಂದು ಅವರನ್ನು ನೋಡುತ್ತಿರುತ್ತದೆ. ಮಾರುಕಟ್ಟೆಗೆ ಬಂದಾಗ ಆ ಜಾಗದಲ್ಲಿ ಕಂಪನಿ ಇರುತ್ತದೆ. ಜನ ಖುಷಿಯಿಂದ ಮತ್ತೆ ಬರಬೇಕೆಂದರೆ ‘ನಾನು ಚೆನ್ನಾಗಿ ಮಾಡಿದೆ’ ಅನಿಸಬೇಕು. ಗುರುವಿನ ಅಥವಾ ಯಂತ್ರದ ಪಾಲನ್ನು ಸದ್ದಿಲ್ಲದೆ ಏರಿಸಿದರೆ ಹಾಗೆ ಅನಿಸುತ್ತದೆ. ಚಲನೆ ಊಹೆಗೆ ನಿಲುಕುವಷ್ಟು ಕಾಲ ಬಳಕೆದಾರರಿಗೆ ಅದು ಗೊತ್ತಾಗದಿರಬಹುದು ಎಂದು ಫ್ರಿಬೂರ್ಗ್ ತಂಡದ ಫಲಿತಾಂಶ ಸೂಚಿಸುತ್ತದೆ.

ವಿ.ಆರ್. ಭ್ರಮೆಗಳ ಬಗ್ಗೆ 2016ರಲ್ಲೇ ನೀತಿಸಂಹಿತೆಯೊಂದನ್ನು ಮುಂದಿಟ್ಟ ಮೈಕೇಲ್ ಮ್ಯಾಡರಿ ಮತ್ತು ಥಾಮಸ್ ಮೆಟ್ಜಿಂಗರ್, ದೇಹದ ಭಾವವನ್ನು ಬದಲಿಸುವ ಶಕ್ತಿ ಜನರ ನಡವಳಿಕೆಯನ್ನೂ ಬದಲಿಸಬಲ್ಲದು ಎಂದು ಎಚ್ಚರಿಸಿದ್ದರು. ಕಟ್ಟುವವರ ಕಡೆಯ ಉತ್ತರ ಸಾಮಾನ್ಯವಾಗಿ ಹೀಗಿರುತ್ತದೆ: ಹೊಸ ಸಾಧನದ ಪ್ರತಿಯೊಂದು ಅಪಾಯವನ್ನೂ ಮೊದಲೇ ಕಲ್ಪಿಸಿಕೊಂಡು ಬೇಲಿ ಹಾಕಿದರೆ, ಹಾಸಿಗೆ ಹಿಡಿದವರಿಗೆ ಕೆಲಸ, ಹಳ್ಳಿಯ ವೈದ್ಯರಿಗೆ ದೂರದ ತಜ್ಞರ ಕೈ, ಇವೆಲ್ಲ ತಡವಾಗುತ್ತವೆ. ಈ ಉತ್ತರವನ್ನು ತಳ್ಳಿಹಾಕುವಂತಿಲ್ಲ. ಆದರೆ ಪಾಲನ್ನು ತೆರೆದು ತೋರಿಸುವುದರಿಂದ ಇದರಲ್ಲಿ ಯಾವುದೂ ತಡವಾಗುವುದಿಲ್ಲ.

ಕಿರುಕುಳದ ಪ್ರಶ್ನೆಯೂ ಇಲ್ಲಿ ಹೊಸ ರೂಪ ತಾಳುತ್ತದೆ. ತನ್ನ ವರ್ಚುವಲ್ ಲೋಕದಲ್ಲಿ ಅವತಾರ್‌ಗಳಿಗೆ ಆಗುತ್ತಿದ್ದ ಲೈಂಗಿಕ ಕಿರುಕುಳದ ದೂರುಗಳ ನಂತರ ಮೆಟಾ ಕಂಪನಿ 2022ರ ಫೆಬ್ರವರಿಯಲ್ಲಿ ಅವತಾರ್‌ಗಳ ನಡುವೆ ಸುಮಾರು 4 ಅಡಿ ಅಂತರದ ಗಡಿ ತಂದಿತು. ಒಂದೇ ದೇಹದೊಳಗೆ ಇಬ್ಬರಿರುವಾಗ ಅಂತರವೆಂಬುದೇ ಇಲ್ಲ. ಜೊತೆಗಾರ ನಿಮ್ಮ ಕೈಯಿಂದಲೇ ನಿಮಗೆ ಬೇಡದ್ದನ್ನು ಮಾಡಿಸಬಲ್ಲ. ದೂರ ತಳ್ಳುವ ಉಪಾಯ ನಡೆಯದ ಕಡೆ ಒಂದೇ ದಾರಿ ಉಳಿಯುತ್ತದೆ: ಹಂಚಿಕೆಯಿಂದ ಆ ಕ್ಷಣವೇ ಹೊರಬರುವ ಹಕ್ಕು.

ನಮ್ಮ ಕಾನೂನು ಎಲ್ಲಿ ನಿಲ್ಲುತ್ತದೆ?

ಹಲವರು ಸೇರಿ ಮಾಡಿದ ಅಪರಾಧಕ್ಕೆ ಭಾರತದ ಕಾನೂನಿನಲ್ಲಿ ಹಳೆಯ ಸೂತ್ರವಿದೆ. ಎಲ್ಲರ ಸಮಾನ ಉದ್ದೇಶದಿಂದ ನಡೆದದ್ದಾದರೆ ಪ್ರತಿಯೊಬ್ಬರೂ ತಾವೊಬ್ಬರೇ ಮಾಡಿದಷ್ಟು ಹೊಣೆ. ಭಾರತೀಯ ದಂಡ ಸಂಹಿತೆಯ 34ನೇ ಸೆಕ್ಷನ್ ಆಗಿದ್ದ ಇದು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 3(5) ಆಗಿದೆ. ಇಬ್ಬರೂ ಮಾತಾಡಿಕೊಂಡು ಒಂದು ರೋಬಾಟ್ ಕೈಯಿಂದ ಯಾರಿಗಾದರೂ ಪೆಟ್ಟು ಕೊಟ್ಟರೆ ಇದು ಸಾಕು. ಆದರೆ ಮೇಲೆ ಹೇಳಿದ ಹೂಜಿಯ ಪ್ರಸಂಗದಲ್ಲಿ ಸಮಾನ ಉದ್ದೇಶವೂ ಇಲ್ಲ, ಬೇರೆ ಬೇರೆಯಾಗಿ ಮಾಡಿದ ಕೃತ್ಯವೂ ಇಲ್ಲ. ಅಲ್ಲಿ ನಿರ್ಲಕ್ಷ್ಯ ಯಾರದು ಎಂದು ಹುಡುಕಬೇಕು. ಬೇರೆ ಬೇರೆ ಗುರಿಯ ಇಬ್ಬರ ಚಲನೆಯನ್ನು ತಡೆಯಿಲ್ಲದೆ ಸರಾಸರಿ ಮಾಡಿದ ಸಾಫ್ಟ್‌ವೇರಿನ ಮೇಲೂ ಆ ಪ್ರಶ್ನೆ ಬೀಳಬೇಕು ಎಂಬುದು ನನ್ನ ಅಭಿಪ್ರಾಯ.

ಕೈಚಳಕ ಯಾರ ಸೊತ್ತು ಎಂಬುದೂ ಬಗೆಹರಿದಿಲ್ಲ. ಗುರು ಪ್ರತಿ ಸಲವೂ ಖುದ್ದಾಗಿ ಬರಬೇಕಿಲ್ಲ. ಅವರ ಚಲನೆಯನ್ನು ಒಮ್ಮೆ ದಾಖಲಿಸಿಕೊಂಡರೆ ಸಾವಿರ ಶಿಷ್ಯರ ದೇಹಗಳಿಗೆ ಬೆರೆಸಬಹುದು. ನಮ್ಮ ಕೃತಿಸ್ವಾಮ್ಯ ಕಾಯ್ದೆ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕು ಕೊಡುತ್ತದೆ. ನಟರು, ಗಾಯಕರು, ನರ್ತಕರು, ಹಾವಾಡಿಗರು ಕೂಡ ಆ ಪಟ್ಟಿಯಲ್ಲಿದ್ದಾರೆ. ಯಕ್ಷಗಾನದ ಕಲಾವಿದರು ಹಕ್ಕು ಕೇಳಬಹುದು. ಬೀದರಿನಲ್ಲಿ ಬಿದ್ರಿ ಪಾತ್ರೆಯ ಮೇಲೆ ಉಳಿಯಿಂದ ಗೆರೆ ಕೊರೆದು ಬೆಳ್ಳಿ ಕೂರಿಸುವವರ ಕೈ? ಅದು ಪ್ರದರ್ಶನವಲ್ಲ, ದುಡಿಮೆ. ಆ ಕೈಯ ಚಲನೆಯನ್ನು ಒಂದು ಬಾರಿ ಹಣ ಕೊಟ್ಟು ದಾಖಲಿಸಿಕೊಂಡ ಕಂಪನಿ ಮುಂದೆ ಅದನ್ನು ಎಷ್ಟು ಜನರಿಗೆ ಮಾರಿದರೂ ಕೇಳುವ ಸ್ಪಷ್ಟ ಅಧಿಕಾರ ಅವರಿಗಿಲ್ಲ.

ಚಲನೆಯೇ ಗುರುತಿನ ಚೀಟಿ

ಕೊನೆಯ ತೊಡಕು ಖಾಸಗಿತನದ್ದು, ಮತ್ತು ಇದು ಪಾರದರ್ಶಕತೆಯ ಬೇಡಿಕೆಗೇ ಅಡ್ಡ ಬರುತ್ತದೆ. ಸ್ಟ್ಯಾನ್‌ಫರ್ಡ್ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 511 ಜನರ ಪೈಕಿ ಯಾರು ಹೆಡ್‌ಸೆಟ್ ತೊಟ್ಟಿದ್ದಾರೆಂದು 5 ನಿಮಿಷಕ್ಕೂ ಕಡಿಮೆ ಅವಧಿಯ ಚಲನೆಯಿಂದ ಶೇ. 95ರಷ್ಟು ನಿಖರವಾಗಿ ಹೇಳಲು ಸಾಧ್ಯವಾಯಿತು. 2023ರಲ್ಲಿ ಬರ್ಕ್ಲಿಯ ಸಂಶೋಧಕರ ತಂಡ ‘ಬೀಟ್ ಸೇಬರ್’ ಆಟದ 55,541 ಆಟಗಾರರ ನಡುವೆ 100 ಸೆಕೆಂಡಿನ ಚಲನೆಯಿಂದ ಶೇ. 94ಕ್ಕಿಂತ ಹೆಚ್ಚು ನಿಖರವಾಗಿ ವ್ಯಕ್ತಿಯನ್ನು ಗುರುತಿಸಿತು. ಕೈ ಎತ್ತುವ, ತಲೆ ತಿರುಗಿಸುವ ರೀತಿಯಲ್ಲಿ ಬೆರಳಚ್ಚಿನಂಥ ಗುರುತಿದೆ.

ಹಂಚಿಕೆಯ ದೇಹದಲ್ಲಿ ಇಬ್ಬರ ಗುರುತು ಬೆರೆತುಹೋಗುತ್ತದೆ, ಹಾಗಾಗಿ ಸುರಕ್ಷಿತ ಎಂದುಕೊಳ್ಳಬಹುದು. ಲೆಕ್ಕ ಹಾಗೆ ಹೇಳುವುದಿಲ್ಲ. ಅವತಾರ್‌ನ ಕೈ 30 ಸೆಂ.ಮೀ. ಎತ್ತರದಲ್ಲಿದೆ, ನನ್ನದು 20ರಲ್ಲಿದೆ, ಪಾಲು ಸಮ ಎಂದು ನನಗೆ ಗೊತ್ತಿದ್ದರೆ ನಿಮ್ಮದು 40ರಲ್ಲಿದೆ ಎಂದು ಕಳೆದು ತಿಳಿಯಬಹುದು. ಪಾಲನ್ನು ಗುಟ್ಟಾಗಿಟ್ಟರೆ ಭ್ರಮೆ ಗೆಲ್ಲುತ್ತದೆ, ಬಯಲು ಮಾಡಿದರೆ ಜೊತೆಗಾರರ ಚಲನೆ ಬಯಲಾಗುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023, ಹಿಂದಿನ ಕರಡುಗಳಲ್ಲಿದ್ದ ‘ಸೂಕ್ಷ್ಮ ಮಾಹಿತಿ’ ಎಂಬ ಪ್ರತ್ಯೇಕ ವರ್ಗವನ್ನೇ ಕೈಬಿಟ್ಟಿದೆ. ದೇಹದ ಚಲನೆಗೆ ಅದರಲ್ಲಿ ವಿಶೇಷ ರಕ್ಷಣೆಯಿಲ್ಲ. ನನ್ನ ಮಾಹಿತಿ ಅಳಿಸಿ ಎಂದು ಶಿಷ್ಯೆ ಕೇಳಿದರೆ, ಗುರುವಿನ ಚಲನೆಯೊಂದಿಗೆ ಬೆರೆತ ದಾಖಲೆಯಲ್ಲಿ ಯಾವುದನ್ನು ಅಳಿಸಬೇಕು ಎಂಬುದಕ್ಕೂ ಅಲ್ಲಿ ಉತ್ತರವಿಲ್ಲ.

ಈ ಎಳೆದಾಟದ ನಡುವೆಯೂ ಸಾಧ್ಯವಾದ ದಾರಿಯಿದೆ. ಪ್ರತಿ ಕ್ಷಣದ ಲೆಕ್ಕವನ್ನು ಜೊತೆಗಾರರಿಗೆ ಕೊಡದೆ, ಪಾಲಿನ ಮಟ್ಟವನ್ನು ‘ಹೆಚ್ಚು ನಿಮ್ಮದು’, ‘ಸಮ’, ‘ಹೆಚ್ಚು ಅವರದು’ ಎಂದು ಸ್ಥೂಲವಾಗಿ ಕಣ್ಣ ಮುಂದೆ ತೋರಿಸಬಹುದು. ನಿಖರ ದಾಖಲೆಯನ್ನು ಮುಚ್ಚಿಟ್ಟು, ಅಪಘಾತ ಅಥವಾ ದೂರು ಬಂದಾಗ ಮಾತ್ರ ತೆರೆಯಬಹುದು. ಒಂದು ಗುಂಡಿ ಒತ್ತಿದರೆ ಹಂಚಿಕೆ ಮುರಿದು ಸ್ವಂತ ದೇಹ ಮರಳುವಂತಿರಬೇಕು. ಹಂಚಿಕೆಯ ದೇಹದಲ್ಲಿ ಕಲಿತವರಿಗೆ ಪ್ರಮಾಣಪತ್ರ ಕೊಡುವ ಸಂಸ್ಥೆ, ಅದು ಕಾರ್ಖಾನೆಯಾಗಲಿ ವೈದ್ಯಕೀಯ ಕಾಲೇಜಾಗಲಿ, ಕೊನೆಯ ಪರೀಕ್ಷೆಯನ್ನು ಗುರುವಿನ ಪಾಲು ಸೊನ್ನೆಯಲ್ಲಿಟ್ಟೇ ನಡೆಸಬೇಕು. ಅದೂ ಕಲಿಕೆ ಮುಗಿದ ದಿನವೇ ಅಲ್ಲ, ಕೆಲವು ವಾರ ಕಳೆದ ಮೇಲೆ.